ಪುಣೆಯ ಚಳಿಗೆ ಬಟ್ಟೆ ಕೊಳ್ಳುವ ಮುನ್ನ

ದೀಪಾವಳಿ ಕಳೆದು ತುಳಸಿ ಪೂಜೆಯ ಹೊತ್ತಿಗೆ ಪುಣೆಯಲ್ಲಿ ಬೆಳಗಿನ ಗಾಳಿಯ ಗುಣವೇ ಬದಲಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಶಿವಾಜಿನಗರ, ಪಾಷಾಣ, ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಕಡೆ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವ ದಿನಗಳು ಬರುತ್ತವೆ. 1935ರ ಜನವರಿಯಲ್ಲಿ ಈ ಊರು 1.7 ಡಿಗ್ರಿಯ ಚಳಿಯನ್ನೂ ಕಂಡಿದೆ. ಉಡುಪಿ, ಕಾರವಾರ, ಮಂಗಳೂರಿನಿಂದಲೋ ಮುಂಬೈಯಿಂದಲೋ ಬಂದು ಇಲ್ಲಿ ನೆಲೆಸುವ ನಮ್ಮ ಜನ ಮೊದಲ ಚಳಿಗಾಲದಲ್ಲಿ ಸಾಮಾನ್ಯವಾಗಿ ಮಾಡುವ ಕೆಲಸ ಒಂದೇ: ಅಂಗಡಿಗೆ ಹೋಗಿ ಇದ್ದುದರಲ್ಲೇ ದಪ್ಪನೆಯ ಜಾಕೆಟ್ ಕೊಂಡು ತರುತ್ತಾರೆ. ಬೆಳಿಗ್ಗೆ 7 ಗಂಟೆಗೆ ಅದು ಹಿತವಾಗಿರುತ್ತದೆ. 11 ಗಂಟೆಗೆ ಅದರೊಳಗೆ ಬೆವರು. ಮಧ್ಯಾಹ್ನ ಅದು ಕಚೇರಿಯ ಕುರ್ಚಿಯ ಬೆನ್ನಿಗೆ. ಸಂಜೆ ಒದ್ದೆ ಬನಿಯನ್‌ನ ಮೇಲೆ ಅದನ್ನೇ ಮತ್ತೆ ತೊಟ್ಟು ಮನೆಗೆ ಹೊರಟಾಗ ಬೆನ್ನಹುರಿಯಲ್ಲಿ ಚಳಿ ಹರಿಯುತ್ತದೆ.

ಹಾಗಾಗಿ ನಾನು ಕೇಳಿದವರಿಗೆಲ್ಲ ಹೇಳುವುದು ಇಷ್ಟು: ಒಂದು ದಪ್ಪ ಬಟ್ಟೆಯ ಹಣದಲ್ಲಿ ಮೂರು ತೆಳು ಬಟ್ಟೆ ಕೊಳ್ಳಿ. ಯಾವ ಮೂರು, ಅಂಗಡಿಯಲ್ಲಿ ಏನು ನೋಡಬೇಕು, ಮನೆಯಲ್ಲಿ ಈಗಾಗಲೇ ಇರುವ ಯಾವುದನ್ನು ಬಳಸಬಹುದು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ನಿಮ್ಮ ಚಳಿಯನ್ನು ಗುರುತಿಸಿಕೊಳ್ಳಿ

ಅಂಗಡಿಗೆ ಹೋಗುವ ಮೊದಲು ಕೆಲವು ದಿನ ಸುಮ್ಮನೆ ಗಮನಿಸಿ. ನಿಮಗೆ ಚಳಿಯಾಗುವುದು ಯಾವ ಹೊತ್ತಿನಲ್ಲಿ, ಎಲ್ಲಿ ಇದ್ದಾಗ, ಮೈಯ ಯಾವ ಭಾಗಕ್ಕೆ? ಸ್ಕೂಟರ್ ಮೇಲೆ ಎದೆಗೆ ಬಡಿಯುವ ಗಾಳಿಯೇ, ಅಡುಗೆಮನೆಯ ಶಹಾಬಾದ್ ಕಲ್ಲಿನಿಂದ ಕಾಲಿಗೆ ಏರುವ ತಂಪೇ, ನಸುಕಿನಲ್ಲಿ ಹೊದಿಕೆ ಸರಿದಾಗಿನ ನಡುಕವೇ? ಒಂದೊಂದಕ್ಕೂ ಬೇರೆ ಬೇರೆ ಉಪಾಯ ಬೇಕು. ಕಾಲಿಗೆ ಚಳಿಯಾಗುವವರು ಜಾಕೆಟ್ ಕೊಂಡು ಪ್ರಯೋಜನವಿಲ್ಲ.

ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಮಳೆನೆರಳಿನಲ್ಲಿ ಇದೆ. ಚಳಿಗಾಲದಲ್ಲಿ ಇಲ್ಲಿನ ಆಕಾಶ ನಿಚ್ಚಳ, ಗಾಳಿ ಒಣ. ಹಗಲೆಲ್ಲ ಕಾದ ನೆಲ ರಾತ್ರಿ ತನ್ನ ಶಾಖವನ್ನು ತಡೆಯಿಲ್ಲದೆ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಆದ್ದರಿಂದ ಕಡು ಚಳಿ ಇರುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಹೊತ್ತಿಗೆ. ಅದೇ ದಿನ ಮಧ್ಯಾಹ್ನ ಉಷ್ಣಾಂಶ 28, 30 ಡಿಗ್ರಿಗೆ ಏರಿರುತ್ತದೆ. ಇನ್ನೊಂದು ವಿಷಯ: ತಣ್ಣನೆಯ ಗಾಳಿ ಭಾರವಾದದ್ದು, ಅದು ತಗ್ಗಿಗೆ ಇಳಿದು ನಿಲ್ಲುತ್ತದೆ. ಮಹಾಬಳೇಶ್ವರದಲ್ಲಿ ಊರಿನೊಳಗೆ ಅಷ್ಟು ಚಳಿ ಇಲ್ಲದಿದ್ದಾಗಲೂ ವೆಣ್ಣಾ ಕೆರೆಯ ದಂಡೆಯಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದು ಇದರಿಂದಲೇ. ಪುಣೆಯೊಳಗೂ ಹಲವು ಬೆಳಗುಗಳಲ್ಲಿ ಶಿವಾಜಿನಗರಕ್ಕೂ ಕಟ್ಟಡಗಳು ಒತ್ತೊತ್ತಾಗಿರುವ ಮಗರಪಟ್ಟಾಕ್ಕೂ ನಾಲ್ಕೈದು ಡಿಗ್ರಿ ವ್ಯತ್ಯಾಸ ಇರುತ್ತದೆ. ಹಡಪಸರದ ಗೆಳತಿ ಸ್ಟೋಲ್ ಒಂದರಲ್ಲೇ ಚಳಿಗಾಲ ಕಳೆದಳೆಂದು ಪಾಷಾಣದಲ್ಲಿರುವ ನೀವು ಅದನ್ನೇ ನೆಚ್ಚಬೇಡಿ.

ಮುಂಬೈಯವರ ಲೆಕ್ಕವೇ ಬೇರೆ. ಸಾಂತಾಕ್ರೂಜ್‌ನಲ್ಲಿ 1962ರ ಜನವರಿಯಲ್ಲಿ 7.4 ಡಿಗ್ರಿ ದಾಖಲಾಗಿದ್ದುಂಟು, ಆದರೆ ಸಮುದ್ರದ ಮಗ್ಗುಲಲ್ಲಿರುವ ಊರಿಗೆ ಅದು ಅಪರೂಪದ ಮಾತು. ಮುಂಜಾನೆಯ ಲೋಕಲ್ ರೈಲಿನ ಬಾಗಿಲಲ್ಲಿ ನಿಲ್ಲುವವರಿಗೆ ಒಂದು ತೆಳು ಗಾಳಿತಡೆ ಅಂಗಿ, ಹಿರಿಯರಿಗೆ ಒಂದು ಶಾಲು ಸಾಕು. ಗೋವಾದಲ್ಲಿ ಅಷ್ಟೂ ಬೇಡ. ಮುಂಬೈಯವರಿಗೆ ನಿಜವಾದ ಚಳಿಬಟ್ಟೆ ಬೇಕಾಗುವುದು ಉತ್ತರದ ಪ್ರವಾಸಕ್ಕೆ. ಅದನ್ನು ಮುಂದೆ ಹೇಳುತ್ತೇನೆ.

ಬೆಚ್ಚಗಿಡುವುದು ಗಾಳಿ

ಬಟ್ಟೆಗೆ ತನ್ನದೇ ಆದ ಬಿಸಿ ಇಲ್ಲ. ಬಿಸಿ ಇರುವುದು ನಮ್ಮ ಮೈಯಲ್ಲಿ. ಬಟ್ಟೆ ತನ್ನ ಎಳೆಗಳ ನಡುವೆ ಗಾಳಿಯನ್ನು ಅಲುಗಾಡದಂತೆ ಹಿಡಿದಿಟ್ಟುಕೊಂಡು ಆ ಬಿಸಿ ಹೊರಹೋಗುವುದನ್ನು ನಿಧಾನಗೊಳಿಸುತ್ತದೆ, ಅಷ್ಟೇ. ಇದು ಮನಸ್ಸಿನಲ್ಲಿದ್ದರೆ ಮುಂದಿನ ಎಲ್ಲ ಆಯ್ಕೆಯೂ ಸುಲಭ. ಎರಡು ತೆಳು ಅಂಗಿಗಳ ನಡುವೆಯೂ ಒಂದು ಗಾಳಿಯ ಪದರ ನಿಲ್ಲುವುದರಿಂದ ಅವು ಒಂದು ದಪ್ಪ ಅಂಗಿಗಿಂತ ಹೆಚ್ಚು ಬೆಚ್ಚಗಿರಬಲ್ಲವು. ಮೈಗೆ ಬಿಗಿದು ಹಿಡಿಯುವ ಸ್ವೆಟರ್ ಈ ಗಾಳಿಯನ್ನು ಹಿಂಡಿ ಹಾಕುತ್ತದೆ. ಹೊರಗಿನ ಗಾಳಿ ಒಳಗೆ ನುಗ್ಗಿದರೆ ಬೆಚ್ಚನೆಯ ಗಾಳಿ ಹಾರಿಹೋಗುತ್ತದೆ. ಬಟ್ಟೆ ಒದ್ದೆಯಾದರೆ ಗಾಳಿಯ ಜಾಗದಲ್ಲಿ ನೀರು ಕೂರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ.

ಆದ್ದರಿಂದ ಮೂರು ಪದರಕ್ಕೆ ಮೂರು ಕೆಲಸ. ಒಳಗಿನದು ಬೆವರನ್ನು ಮೈಯಿಂದ ದೂರ ಮಾಡಬೇಕು, ನಡುವಿನದು ಗಾಳಿಯನ್ನು ಹಿಡಿದಿಡಬೇಕು, ಹೊರಗಿನದು ಬೀಸುಗಾಳಿಯನ್ನು ತಡೆಯಬೇಕು.

ಮೈಗೆ ತಾಗುವ ಪದರ

ಇಲ್ಲಿ ಪ್ರಶ್ನೆ ಒಂದೇ: ನೀವು ಬೆವರುತ್ತೀರಾ? ಕುಳಿತು ಕೆಲಸ ಮಾಡುವವರಿಗೆ, ಮನೆಯಲ್ಲಿರುವ ಹಿರಿಯರಿಗೆ ಹತ್ತಿಯ ತುಂಬುತೋಳಿನ ಬನಿಯನ್ ಅಥವಾ ಹತ್ತಿ ಬೆರೆತ ಥರ್ಮಲ್ (ಚಳಿಗೆಂದೇ ಮಾಡಿದ ಒಳಉಡುಪು) ಚೆನ್ನಾಗಿಯೇ ಒದಗುತ್ತದೆ. ಪುಣೆಯ ಒಣ ಹವೆಯಲ್ಲಿ ಹತ್ತಿಯನ್ನು ಬೈಯುವ ಕಾರಣವಿಲ್ಲ. ಆದರೆ ನಸುಕಿನಲ್ಲಿ ವೇತಾಳ ಟೇಕಡಿ, ಪರ್ವತಿ ಹತ್ತುವವರು, ಭಾನುವಾರ ಸಿಂಹಗಡಕ್ಕೆ ನಡೆಯುವವರು ಹತ್ತಿ ತೊಡಬಾರದು. ಹತ್ತಿ ಬೆವರನ್ನು ಕುಡಿದು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಮೇಲೆ ತಲುಪಿ ನಿಂತ ಕೂಡಲೇ ಆ ಒದ್ದೆ ಮೈಯನ್ನು ತಣ್ಣಗೆ ಮಾಡುತ್ತದೆ. ಬೇಗ ಒಣಗುವ ಪಾಲಿಯೆಸ್ಟರ್ ಅಥವಾ ನಯವಾದ ಮೆರಿನೋ ಉಣ್ಣೆಯ ಅಂಗಿ ಅವರಿಗೆ ಸರಿ. ಹತ್ತುವಾಗ ತೆಳು ಅಂಗಿಯೊಂದೇ ಇರಲಿ, ಸ್ವೆಟರ್ ಚೀಲದಲ್ಲಿರಲಿ, ಮೇಲೆ ಕುಳಿತ ಮೇಲೆ ತೊಡಿ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸುತ್ತಿದ್ದರೆ ನೀವು ಸರಿಯಾಗಿ ಉಟ್ಟಿದ್ದೀರಿ ಎಂದೇ ಅರ್ಥ.

ಥರ್ಮಲ್ ಕೊಳ್ಳುವಾಗ ಅಳತೆ ಮುಖ್ಯ. ಮೈಗೆ ಅಂಟಿಕೊಂಡಿರಬೇಕು, ಆದರೆ ಸೊಂಟದಲ್ಲಿ, ಮಣಿಕಟ್ಟಿನಲ್ಲಿ ಬಿಚ್ಚಿದಾಗ ಕೆಂಪು ಗೆರೆ ಮೂಡಬಾರದು. ಕೆಳಗಿನ ಥರ್ಮಲ್ ಅನ್ನು ಹಲವರು ಅನಾವಶ್ಯಕ ಎಂದು ಬಿಟ್ಟುಬಿಡುತ್ತಾರೆ. ಸ್ಕೂಟರ್ ಓಡಿಸುವವರ ತೊಡೆ, ಮೊಣಕಾಲಿಗೆ ನೇರವಾಗಿ ಗಾಳಿ ಹೊಡೆಯುತ್ತದೆ; ಅವರು ಮೇಲಿನದಕ್ಕಿಂತ ಮೊದಲು ಕೆಳಗಿನದನ್ನು ಕೊಳ್ಳಲಿ.

ಸೀರೆ ಉಡುವವರ ಬಗ್ಗೆ ಚಳಿಬಟ್ಟೆಯ ಲೇಖನಗಳು ಯಾವತ್ತೂ ಮಾತಾಡುವುದಿಲ್ಲ, ಅದು ನನಗೆ ಬೇಸರದ ಸಂಗತಿ. ಧನುರ್ಮಾಸದ ಪೂಜೆಗೆ ನಸುಕಿನಲ್ಲಿ ಮಿಂದು ನಿಲ್ಲುವ ನಮ್ಮ ಅತ್ತೆ, ಅಜ್ಜಿಯರಿಗೆ ಜಾಕೆಟ್ ಹೇಳಿ ಫಲವಿಲ್ಲ. ಅವರಿಗೆ ಲಂಗದ ಒಳಗೆ ಉಣ್ಣೆ ಬೆರೆತ ಲೆಗ್ಗಿಂಗ್ಸ್, ಹೆಣೆದ ಉಣ್ಣೆಯ ತುಂಬುತೋಳಿನ ರವಿಕೆ, ಅದರ ಮೇಲೆ ಸೆರಗು, ಸೆರಗಿನ ಮೇಲೆ ಶಾಲು. ಚಳಿ ಹೆಚ್ಚಾಗಿ ನುಸುಳುವುದು ಸೊಂಟದ ತೆರೆದ ಭಾಗದಿಂದ. ರವಿಕೆ ಉದ್ದವಾಗಿ ಸೊಂಟದವರೆಗೂ ಇಳಿದರೆ ಅರ್ಧ ಸಮಸ್ಯೆ ಮುಗಿಯಿತು. ಶಾಲನ್ನು ಭುಜದಲ್ಲಿ ಪಿನ್ ಹಾಕಿ ನಿಲ್ಲಿಸಿದರೆ ಕೆಲಸ ಮಾಡುವಾಗ ಜಾರುವುದಿಲ್ಲ, ಒಲೆಯ ಕಡೆಗೆ ಜೋತು ಬೀಳುವುದೂ ಇಲ್ಲ.

ಸ್ವೆಟರ್ ಆರಿಸುವುದು

ಎಲ್ಲಕ್ಕಿಂತ ಹೆಚ್ಚು ಹಣ ವ್ಯರ್ಥವಾಗುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಚಳಿಗಾಲ ಬಂದರೆ ಪುಣೆಯಲ್ಲೂ ಮುಂಬೈಯಲ್ಲೂ ಟಿಬೆಟನ್ನರು ಸಾಲಾಗಿ ಸ್ವೆಟರ್ ಅಂಗಡಿ ಹಾಕುತ್ತಾರೆ. ಅವರಲ್ಲಿ 1960ರ ದಶಕದಲ್ಲಿ ನೆಲೆಗೊಂಡ ಬೈಲಕುಪ್ಪೆ, ಮುಂಡಗೋಡಿನ ಶಿಬಿರಗಳಿಂದ ಬರುವವರೂ ಇರುತ್ತಾರೆ. ಒಮ್ಮೆ ಕನ್ನಡದಲ್ಲಿ ಮಾತಾಡಿಸಿ ನೋಡಿ. 'ಅಕ್ಕಾ, ಇದು ಉಣ್ಣೆಯಾ, ಅಕ್ರಿಲಿಕ್ಕಾ?' ಎಂದು ನೇರವಾಗಿ ಕೇಳಿದರೆ ಬಹಳಷ್ಟು ಮಂದಿ ನೇರವಾಗಿಯೇ ಹೇಳುತ್ತಾರೆ. ಅಲ್ಲಿನ ಮಾಲು ಹೆಚ್ಚಾಗಿ ಲುಧಿಯಾನದ ಕಾರ್ಖಾನೆಗಳದ್ದು; ಅದರಲ್ಲಿ ಬಹುಪಾಲು ಅಕ್ರಿಲಿಕ್, ಸ್ವಲ್ಪ ಮಿಶ್ರ ನೂಲು, ಅಪ್ಪಟ ಉಣ್ಣೆ ಕಡಿಮೆ.

ಅಕ್ರಿಲಿಕ್ ಎಂದರೆ ಕೆಟ್ಟದ್ದು ಎಂದಲ್ಲ. ಹಗುರ, ಬಣ್ಣ ಬಿಡುವುದಿಲ್ಲ, ಯಂತ್ರದಲ್ಲಿ ಒಗೆಯಬಹುದು, ನುಸಿ ತಿನ್ನುವುದಿಲ್ಲ, ಅಗ್ಗ. ವರ್ಷಕ್ಕೊಮ್ಮೆ ಅಳತೆ ಬದಲಾಗುವ ಮಕ್ಕಳ ಶಾಲೆಯ ಸ್ವೆಟರಿಗೆ ಅದೇ ಸಾಕು. ಆದರೆ ಅದು ಬೆವರನ್ನು ಹೀರುವುದಿಲ್ಲ, ಒಂದೆರಡು ಚಳಿಗಾಲದಲ್ಲಿ ಮೈತುಂಬ ಗುಂಡುಗುಂಡಾಗಿ ನೂಲಿನ ಗಂಟು ಏಳುತ್ತದೆ, ಸೊರಗಿ ಜೋಲುತ್ತದೆ. ಉಣ್ಣೆಯ ಎಳೆ ಸಹಜವಾಗಿ ಸುರುಳಿ ಸುರುಳಿ. ಆ ಸುರುಳಿಯಲ್ಲಿ ಗಾಳಿ ನಿಲ್ಲುತ್ತದೆ. ತನ್ನ ತೂಕದ ಸುಮಾರು 30 ಶೇಕಡಾದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಜೋಪಾನ ಮಾಡಿದರೆ ಹತ್ತಾರು ವರ್ಷ ಬರುತ್ತದೆ. ದೊಡ್ಡವರು ತಮಗಾಗಿ ಒಂದೇ ಒಂದು ಒಳ್ಳೆಯ ವಸ್ತು ಕೊಳ್ಳುವುದಾದರೆ ಅದು ಉಣ್ಣೆಯ ಸ್ವೆಟರ್ ಆಗಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೈಗೆತ್ತಿಕೊಂಡ ಸ್ವೆಟರನ್ನು ಹೀಗೆ ನೋಡಿ. ಮೊದಲು ಒಳಮಗ್ಗುಲು ತಿರುಗಿಸಿ ಪಕ್ಕದ ಹೊಲಿಗೆಯಲ್ಲಿರುವ ಚೀಟಿ ಓದಿ. ಕತ್ತಿನ ಹತ್ತಿರದ ದೊಡ್ಡ ಅಕ್ಷರಗಳ ಚೀಟಿಯಲ್ಲ, ಒಳಗಿರುವ ಚಿಕ್ಕದನ್ನು. ಯಾವ ನೂಲು ಎಷ್ಟು ಶೇಕಡಾ ಎಂಬುದು ಇರುವುದು ಅಲ್ಲಿ. 'ವೂಲನ್', 'ವೂಲ್ ಫೀಲ್' ಎಂಬ ಮಾತುಗಳಿಗೆ ಬೆಲೆ ಕೊಡಬೇಡಿ. 1964ರಿಂದ ಬಳಕೆಯಲ್ಲಿರುವ, ನೂಲಿನ ಉಂಡೆಯಂತೆ ಸುತ್ತಿಕೊಂಡ ವೂಲ್‌ಮಾರ್ಕ್ ಗುರುತು ಇದ್ದರೆ ನಂಬಬಹುದು. ಆಮೇಲೆ ಬೆಳಕಿಗೆ ಎತ್ತಿ ಹಿಡಿಯಿರಿ. ಹೆಣಿಗೆಯ ತೂತುಗಳಿಂದ ಬೆಳಕು ಧಾರಾಳವಾಗಿ ಬಂದರೆ ಗಾಳಿಯೂ ಹಾಗೆಯೇ ಬರುತ್ತದೆ. ತೋಳಿನ ಅಂಚನ್ನು ಎರಡೂ ಕೈಯಲ್ಲಿ ಎಳೆದು ಬಿಡಿ. ತಟ್ಟನೆ ಮೊದಲಿನ ಅಳತೆಗೆ ಬರಬೇಕು. ಅಂಗೈಯಿಂದ ಒಂದೇ ಜಾಗವನ್ನು ಹತ್ತಿಪ್ಪತ್ತು ಸಲ ಉಜ್ಜಿ. ಅಷ್ಟಕ್ಕೇ ನೂಲು ಎದ್ದರೆ ಬಿಟ್ಟುಬಿಡಿ. ಕೊನೆಗೆ ಅದನ್ನು ಕತ್ತಿನ ಬದಿಗೆ ಒತ್ತಿ ಹಿಡಿದು ಒಂದು ನಿಮಿಷ ನಿಲ್ಲಿ. ಬೆರಳಿಗೆ ಮೆತ್ತಗೆ ಅನ್ನಿಸಿದ ಉಣ್ಣೆ ಕತ್ತಿಗೆ ಚುಚ್ಚಬಹುದು. ಚುಚ್ಚುವ ಸ್ವೆಟರ್ ಎಷ್ಟೇ ಬೆಚ್ಚಗಿದ್ದರೂ ಕಪಾಟಿನಲ್ಲೇ ಉಳಿಯುತ್ತದೆ.

ಚೀಟಿಯ ಮೇಲೆ ನಂಬಿಕೆ ಬಾರದಿದ್ದರೆ ಮನೆಯಲ್ಲಿ ಒಂದು ಪರೀಕ್ಷೆ ಮಾಡಬಹುದು. ಒಳಹೊಲಿಗೆಯಿಂದ ಬೆರಳುದ್ದದ ಒಂದು ಎಳೆ ತೆಗೆದು, ಚಿಮುಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ, ನಲ್ಲಿಯ ಹತ್ತಿರ ನಿಂತು ಕಡ್ಡಿ ಗೀರಿ ಹಚ್ಚಿ. ಉಣ್ಣೆಯಾದರೆ ಕೂದಲು ಸುಟ್ಟ ನಾತ ಬರುತ್ತದೆ, ಬೆಂಕಿಯಿಂದ ದೂರ ಮಾಡಿದರೆ ತಾನಾಗಿ ಆರುತ್ತದೆ, ಉಳಿದ ಕಪ್ಪು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಉರಿಯುತ್ತದೆ, ತಣಿದ ಮೇಲೆ ಗಟ್ಟಿ ಮಣಿಯಂತೆ ಕೂರುತ್ತದೆ. ಸುಟ್ಟ ಕಾಗದದ ವಾಸನೆ ಬಂದರೆ ಅದು ಹತ್ತಿ. ಮಿಶ್ರ ನೂಲಾದರೆ ಎರಡೂ ಲಕ್ಷಣ ಸೇರಿರುತ್ತವೆ. ಇದರಿಂದ ಇನ್ನೊಂದು ಎಚ್ಚರಿಕೆಯೂ ತಿಳಿಯುತ್ತದೆ: ರಾತ್ರಿ ಸೊಸೈಟಿಯ ಗೇಟಿನ ಬಳಿ ಕಾವಲುಗಾರರು ಹಾಕುವ ಶೇಕೋಟಿಯ, ಅಂದರೆ ಚಳಿ ಕಾಯಿಸುವ ಬೆಂಕಿಯ ಹತ್ತಿರ ಅಕ್ರಿಲಿಕ್, ನೈಲಾನ್ ತೊಟ್ಟು ತೀರ ಮುಂದೆ ಕೂರಬಾರದು. ಕಿಡಿ ಬಿದ್ದರೆ ಅವು ಕರಗಿ ಚರ್ಮಕ್ಕೇ ಅಂಟಿಕೊಳ್ಳುತ್ತವೆ.

ಪಶ್ಮೀನಾ ಶಾಲು ಮಾರುವವರು ಉಂಗುರದೊಳಗೆ ಎಳೆದು ತೋರಿಸುತ್ತಾರೆ. ತೆಳುವಾದ ವಿಸ್ಕೋಸ್ ಶಾಲೂ ಉಂಗುರದಲ್ಲಿ ಸಲೀಸಾಗಿ ಹೋಗುತ್ತದೆ. ಅದನ್ನು ನೋಡಿ ಮರುಳಾಗಬೇಡಿ. ಕಾಶ್ಮೀರದ ಪಶ್ಮೀನಾಕ್ಕೆ ಭೌಗೋಳಿಕ ಸೂಚಿಕೆಯ (ಜಿಐ) ಗುರುತು ಇದೆ, ಅದಿಲ್ಲದೆ ದುಬಾರಿ ಬೆಲೆ ಕೊಡಬೇಡಿ.

ಉಣ್ಣೆ ಚುಚ್ಚುತ್ತದೆ ಎನ್ನುವವರಿಗೆ, ಉಣ್ಣೆ ಒಗೆಯುವ ತಾಳ್ಮೆ ಇಲ್ಲದವರಿಗೆ ಫ್ಲೀಸ್ ಒಳ್ಳೆಯದು. ಪಾಲಿಯೆಸ್ಟರ್‌ನಿಂದ ಮಾಡಿದ, ರೋಮ ಎಬ್ಬಿಸಿದ ಬಟ್ಟೆ ಅದು. ಹಗುರ, ಬೇಗ ಒಣಗುತ್ತದೆ. ಗಾಳಿಯನ್ನು ಮಾತ್ರ ತಡೆಯುವುದಿಲ್ಲ.

ಯಾವುದೇ ಆಗಲಿ, ಪುಣೆಗೆ ಮುಂದೆ ಜಿಪ್ ಅಥವಾ ಗುಂಡಿ ಇರುವುದನ್ನೇ ಆರಿಸಿ. ಹತ್ತು ಗಂಟೆಗೆ ಅರ್ಧ ತೆರೆಯಬಹುದು, ಹನ್ನೊಂದಕ್ಕೆ ಬಿಚ್ಚಬಹುದು. ಒಳಗೆ ಅಂಗಿ ಇರುವಂತೆಯೇ ತೊಟ್ಟು ನೋಡಿ. ಎರಡೂ ಕೈ ಮೇಲೆತ್ತಿದಾಗ ಹೊಟ್ಟೆ ಕಾಣಬಾರದು, ಮುಂದಕ್ಕೆ ಬಾಗಿದಾಗ ಸೊಂಟ ತೆರೆಯಬಾರದು.

ಬೀಸುಗಾಳಿಗೆ ಹೊರಪದರ

ಕೋಥ್ರೂಡ್‌ನಿಂದ ಹಿಂಜವಡಿಗೆ ಬೆಳಗಿನ ಪಾಳಿಗೆ ಬೈಕಿನಲ್ಲಿ ಹೋಗುವವರನ್ನು ನೆನೆಯಿರಿ. ಉಷ್ಣಾಂಶ 10 ಡಿಗ್ರಿ ಇದ್ದು, ನೀವು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ, ತೆರೆದ ಚರ್ಮಕ್ಕೆ ಅದು ಸುಮಾರು 6 ಡಿಗ್ರಿಯ ಚಳಿಯಂತೆ ತಾಗುತ್ತದೆ. ಹೆಣೆದ ಸ್ವೆಟರ್ ಎಷ್ಟೇ ದಪ್ಪಗಿದ್ದರೂ ಈ ಗಾಳಿ ಅದರ ಮೂಲಕ ಹಾದುಹೋಗುತ್ತದೆ. ಇಲ್ಲಿ ಬೇಕಾದದ್ದು ಒತ್ತಾಗಿ ನೇಯ್ದ, ತೆಳುವಾದ ವಿಂಡ್‌ಚೀಟರ್.

ಅದನ್ನು ಹೊಸದಾಗಿ ಕೊಳ್ಳುವ ಮೊದಲು ಮಳೆಗಾಲದ ಚೀಲ ತೆರೆಯಿರಿ. ಪುಣೆಯಲ್ಲಿ ರೇನ್‌ಕೋಟ್ ಇಲ್ಲದ ಮನೆ ಯಾವುದಿದೆ? ಸ್ವೆಟರ್ ಮೇಲೆ ರೇನ್‌ಕೋಟಿನ ಅಂಗಿ ತೊಟ್ಟರೆ ಅರ್ಧ ಗಂಟೆಯ ಬೈಕ್ ಪ್ರಯಾಣಕ್ಕೆ ಅದಕ್ಕಿಂತ ಒಳ್ಳೆಯ ಗಾಳಿತಡೆ ಬೇಡ. ಅದರೊಳಗೆ ಬೆವರು ಆವಿಯಾಗುವುದಿಲ್ಲವಾದ್ದರಿಂದ ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ಇದು ಹೊಂದುವುದಿಲ್ಲ. ಹೊಸದನ್ನೇ ಕೊಳ್ಳುವುದಾದರೆ ಜಿಪ್‌ನ ಹಿಂದೆ ಒಂದು ಬಟ್ಟೆಯ ಪಟ್ಟಿ ಇದೆಯೇ ನೋಡಿ. ಇಲ್ಲದಿದ್ದರೆ ಜಿಪ್‌ನ ಹಲ್ಲುಗಳ ನಡುವಿನಿಂದ ಎದೆಗೆ ನೇರ ಗಾಳಿ. ಕಾಲರ್ ಗದ್ದದವರೆಗೆ ಬರಬೇಕು. ಮಣಿಕಟ್ಟಿನಲ್ಲಿ ಎಲಾಸ್ಟಿಕ್ ಅಥವಾ ವೆಲ್ಕ್ರೋ ಇರಬೇಕು. ಕೈಗವಸನ್ನು ತೋಳಿನ ಹೊರಗೆ ತೊಡುವುದೋ ಒಳಗೆ ಸೇರಿಸುವುದೋ ಎಂದು ಅಂಗಡಿಯಲ್ಲೇ ಬೈಕ್ ಹಿಡಿದಂತೆ ಕೈ ಚಾಚಿ ನೋಡಿಕೊಳ್ಳಿ. ಬಣ್ಣ ಕಪ್ಪು ಬೇಡ. ಬೆಳಕು ಹರಿಯುವ ಮುನ್ನ ರಸ್ತೆಯಲ್ಲಿರುವವರು ಹಿಂದಿನ ಟ್ರಕ್ಕಿಗೆ ಕಾಣಿಸಬೇಕು.

ಕಿವಿ, ಕೈ, ಕಾಲು

ಮೈಯ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಎಂಬ ಮಾತು ಸರಿಯಲ್ಲ. ತಲೆಯ ಪಾಲು ಹೆಚ್ಚೆಂದರೆ ಹತ್ತನೆಯ ಒಂದು ಭಾಗ. ಆದರೂ ಕಿವಿ ಮುಚ್ಚಿಕೊಳ್ಳಿ, ಏಕೆಂದರೆ ನೋವು ಮೊದಲು ಅಲ್ಲಿಗೆ ಬರುತ್ತದೆ. ಹೆಲ್ಮೆಟ್ ಒಳಗೆ ದಪ್ಪ ಟೋಪಿ ಹಾಕಿದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಕಣ್ಣಿನ ಜಾಗ ಬಿಟ್ಟು ತಲೆ, ಕಿವಿ, ಕತ್ತನ್ನು ಮುಚ್ಚುವ ತೆಳುವಾದ ಬಾಲಕ್ಲಾವ ಬಳಸಿ. ನಡೆಯುವ ಹಿರಿಯರಿಗೆ ಇಲ್ಲಿನವರು ಕಾನ್‌ಟೋಪಿ ಎನ್ನುವ ಉಣ್ಣೆಯ ಟೋಪಿಯೇ ಶ್ರೇಷ್ಠ. ಬೈಕ್ ಓಡಿಸುವವರು ಮಫ್ಲರಿನ ತುದಿಗಳನ್ನು ಜಾಕೆಟ್ ಒಳಗೆ ತುರುಕಿಕೊಳ್ಳಬೇಕು, ಸೀರೆ ಸೆರಗು, ಸ್ಟೋಲ್ ಕೂಡ. ಚಕ್ರಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ.

ಕಾಲುಚೀಲ ಎರಡು ಜೊತೆ ತೊಟ್ಟು ಶೂ ಬಿಗಿದರೆ ರಕ್ತ ಓಡಾಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಉಣ್ಣೆ ಬೆರೆತ ಒಂದೇ ಜೊತೆ, ಒಳಗೆ ಬೆರಳು ಆಡಿಸಲು ಜಾಗ. ಮನೆಯೊಳಗೆ ಶಹಾಬಾದ್ ಕಲ್ಲು, ವಿಟ್ರಿಫೈಡ್ ಟೈಲ್ಸ್ ಮೇಲೆ ಬರಿಗಾಲಲ್ಲಿ ನಿಂತು ಅಡುಗೆ ಮಾಡುವವರಿಗೆ ದಪ್ಪ ಅಟ್ಟೆಯ ಚಪ್ಪಲಿ ಬೇಕು, ಸಿಂಕಿನ ಮುಂದೊಂದು ಚಾಪೆಯೂ ಇರಲಿ. ಬರೀ ಕಾಲುಚೀಲದಲ್ಲಿ ಟೈಲ್ಸ್ ಮೇಲೆ ನಡೆದರೆ ಜಾರುತ್ತದೆ, ಹಿರಿಯರಿಗೆ ಅದು ಬೇಡವೇ ಬೇಡ.

ಹಿರಿಯರು ಮತ್ತು ಕೂಸುಗಳು

ವಯಸ್ಸಾದಂತೆ ಚಳಿಯನ್ನು ಗ್ರಹಿಸುವ ಶಕ್ತಿ ಕುಂದುತ್ತದೆ. 'ನನಗೇನೂ ಚಳಿಯಿಲ್ಲ' ಎಂದು ಅಪ್ಪ ಹೇಳಿದರೆ ಅವರ ಕೈ ಮುಟ್ಟಿ ನೋಡಿ. ಸ್ನಾನ ಮುಗಿಸಿ ಒದ್ದೆ ಮೈಯಲ್ಲಿ ಪಂಚೆ ಸುತ್ತಿ ದೇವರ ಮುಂದೆ ಕೂರುವ ಅಭ್ಯಾಸವಿದ್ದರೆ, ಮೈ ಪೂರ್ತಿ ಒರೆಸಿ ಉಣ್ಣೆಯ ಶಾಲನ್ನಾದರೂ ಹೊದ್ದು ಕೂರುವಂತೆ ಒಪ್ಪಿಸಿ. ತಲೆಯ ಮೇಲಿಂದ ಹಾಕುವ ಸ್ವೆಟರ್ ಬೇಡ. ಭುಜ ನೋಯುವವರಿಗೆ ದೊಡ್ಡ ಗುಂಡಿಗಳ, ಮುಂದೆ ತೆರೆಯುವ ಸ್ವೆಟರ್ ತನ್ನಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮರಗಟ್ಟಿದವರಿಗೆ ಬಿಸಿನೀರಿನ ಚೀಲ ಕೊಡಬೇಡಿ, ಸುಟ್ಟದ್ದು ಅವರಿಗೆ ತಿಳಿಯುವುದೇ ಇಲ್ಲ. ಸಡಿಲವಾದ ಉಣ್ಣೆಯ ಕಾಲುಚೀಲ ಕೊಡಿ.

ಮಕ್ಕಳಿಗೆ ನಾವು ತೊಟ್ಟದ್ದಕ್ಕಿಂತ ಒಂದು ಪದರ ಹೆಚ್ಚು, ಅಷ್ಟು ಸಾಕು. ಕೂಸಿನ ಕೈಕಾಲು ತಣ್ಣಗಿರುವುದು ಸಹಜ. ಕತ್ತಿನ ಹಿಂದೆ ಅಥವಾ ಎದೆಗೆ ಕೈಯಿಟ್ಟು ನೋಡಿ. ಅಲ್ಲಿ ಬೆವರಿದ್ದರೆ ಒಂದು ಬಟ್ಟೆ ತೆಗೆಯಿರಿ. ಹೊರಗೆ ಹೋಗುವಾಗ ಕುಲಾವಿ ಬೇಕು, ಮಲಗಿಸುವಾಗ ತೆಗೆದುಬಿಡಿ. ತೊಟ್ಟಿಲಿನಲ್ಲಿ ಎಳೆಗೂಸಿನ ಮುಖದ ಹತ್ತಿರ ಸಡಿಲ ಹೊದಿಕೆ ಇರಬಾರದು.

ರಾತ್ರಿಯ ಹೊದಿಕೆ

ಹೊದಿಕೆಯ ವಿಷಯದಲ್ಲಿ ನಮ್ಮ ನೆಲವೇ ಸಿರಿವಂತ. ದಖ್ಖನಿ ಕುರಿಯ ಉಣ್ಣೆಯಿಂದ ಚಿತ್ರದುರ್ಗ, ಚಳ್ಳಕೆರೆ ಸೀಮೆಯಲ್ಲಿ ನೇಯುವ ಕಂಬಳಿಗೂ ಇಲ್ಲಿನ ಕುರಿಗಾಹಿ ಧನಗರರು ಹೊದೆಯುವ ಘೋಂಗಡಿಗೂ ಮೂಲ ಒಂದೇ. ಹೊಸ ಕಂಬಳಿ ಹಲಗೆಯಂತೆ ಸೆಟೆದಿರುತ್ತದೆ, ಏಕೆಂದರೆ ನೇಯುವಾಗ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿರುತ್ತಾರೆ, ಬಳಸುತ್ತಾ ಮೆತ್ತಗಾಗುತ್ತದೆ. ಒರಟು ಎನ್ನುವವರು ಒಳಗೆ ಒಂದು ಹತ್ತಿಯ ದುಪ್ಪಟಿ ಹೊದ್ದು ಅದರ ಮೇಲೆ ಕಂಬಳಿ ಹಾಕಿಕೊಳ್ಳಲಿ. ಸೊಲ್ಲಾಪುರದ ಚಾದರ ಹತ್ತಿಯದು, ನವೆಂಬರಿಗೆ ಸಾಕು, ಜನವರಿಗೆ ಸಾಲದು. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಯನ್ನು ಊರಿಂದ ತಂದಿದ್ದರೆ ಅದನ್ನು ಮೇಲೆ ಹೊದೆಯುವ ಬದಲು ಹಾಸಿಗೆಯ ಮೇಲೆ ಹಾಸಿ. ಕೆಳಗಿನಿಂದ ಬರುವ ಚಳಿಯನ್ನು ನಾವು ಮರೆತೇ ಬಿಡುತ್ತೇವೆ, ಅದರಲ್ಲೂ ನೆಲದ ಮೇಲೆ ಮಲಗುವವರು.

ಉತ್ತರಕ್ಕೆ ಹೊರಟವರಿಗೆ

ಮುಂಬೈಯಿಂದ ಮನಾಲಿ, ಶಿಮ್ಲಾ, ಗುಲ್ಮಾರ್ಗಕ್ಕೆ ಹೊರಡುವ ಕುಟುಂಬಗಳು ದಾದರಿನಲ್ಲೋ ಕ್ರಾಫರ್ಡ್ ಮಾರ್ಕೆಟ್ಟಿನಲ್ಲೋ ಹಿಮದ ಉಡುಪನ್ನೆಲ್ಲ ಕೊಂಡು ತುಂಬಿಕೊಳ್ಳುತ್ತವೆ. ಅಗತ್ಯವಿಲ್ಲ. ಹಿಮದಲ್ಲಿ ಆಡುವ ಮೇಲುಡುಪು, ಗಂಬೂಟ್‌ಗಳನ್ನು ಮನಾಲಿಯಿಂದ ಸೋಲಂಗ್ ಕಡೆ ಹೋಗುವ ದಾರಿಯಲ್ಲಿ ಬಾಡಿಗೆಗೆ ಕೊಡುತ್ತಾರೆ. ನೀವು ಕೊಳ್ಳಬೇಕಾದದ್ದು ಬಾಡಿಗೆಗೆ ಪಡೆಯಲಾಗದ್ದು: ಎರಡು ಜೊತೆ ಥರ್ಮಲ್, ಉಣ್ಣೆಯ ಕಾಲುಚೀಲ, ನೀರು ಒಳಬಿಡದ ಕೈಗವಸು. ಬೆರಳುಗಳೆಲ್ಲ ಒಂದೇ ಗೂಡಿನಲ್ಲಿರುವ ಕೈಗವಸು ಬೆರಳಿಗೊಂದು ಗೂಡಿರುವುದಕ್ಕಿಂತ ಬೆಚ್ಚಗಿರುತ್ತದೆ, ಮಕ್ಕಳಿಗೆ ಅದನ್ನೇ ಕೊಡಿ. ಜೀನ್ಸ್ ಮನೆಯಲ್ಲೇ ಬಿಡಿ; ಹಿಮದಲ್ಲಿ ಒದ್ದೆಯಾದರೆ ದಿನವಿಡೀ ಒಣಗುವುದಿಲ್ಲ.

ಪುಕ್ಕ ತುಂಬಿದ ಡೌನ್ ಜಾಕೆಟ್ ಕೊಳ್ಳುವುದಾದರೆ ಅದರ ಮೇಲೆ ಬರೆದಿರುವ ಫಿಲ್ ಪವರ್ ಎಂಬ ಅಂಕಿ ನೋಡಿ; ಪುಕ್ಕ ಎಷ್ಟು ಉಬ್ಬಿ ಗಾಳಿ ಹಿಡಿಯುತ್ತದೆ ಎಂಬುದರ ಅಳತೆ ಅದು. 600ರ ಆಸುಪಾಸು ಪ್ರವಾಸಿಗರಿಗೆ ಧಾರಾಳ. ಪುಕ್ಕ ನೆನೆದರೆ ಮುದ್ದೆಯಾಗಿ ಬೆಚ್ಚಗಿಡುವ ಗುಣವನ್ನೇ ಕಳೆದುಕೊಳ್ಳುತ್ತದೆ, ಆದ್ದರಿಂದ ಹಿಮ ಬೀಳುವಾಗ ಮೇಲೆ ನೀರುತಡೆ ಅಂಗಿ ಬೇಕು. ಕೃತಕ ಹತ್ತಿ ತುಂಬಿದ ಜಾಕೆಟ್ ಸ್ವಲ್ಪ ಭಾರ, ಆದರೆ ನೆನೆದರೂ ಅಷ್ಟು ಕೈಕೊಡುವುದಿಲ್ಲ. ಜನವರಿಯಲ್ಲಿ ಲೇಹ್‌ಗೆ ಹೋಗುವವರ ಸಿದ್ಧತೆ ಮಾತ್ರ ಬೇರೆ ಮಟ್ಟದ್ದು. ಅಲ್ಲಿ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿರುತ್ತದೆ, ಪುಣೆಯ ಬಟ್ಟೆಗಳನ್ನು ಒಂದರ ಮೇಲೊಂದು ತೊಟ್ಟು ನಿಭಾಯಿಸುತ್ತೇನೆಂದು ಹೊರಡಬೇಡಿ.

ಒಗೆದು ಎತ್ತಿಡುವುದು

ಉಣ್ಣೆಯನ್ನು ಪದೇ ಪದೇ ಒಗೆಯಬೇಡಿ. ತೊಟ್ಟ ಮೇಲೆ ನೆರಳಿನ ಗಾಳಿಗೆ ಹರವಿದರೆ ವಾಸನೆ ಹೋಗುತ್ತದೆ. ಒಗೆಯುವಾಗ ತಣ್ಣೀರು, ಮೃದು ಸಾಬೂನು, ಉಜ್ಜುವುದಿಲ್ಲ, ಹಿಂಡುವುದಿಲ್ಲ. ಬಿಸಿನೀರಿನಲ್ಲಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಮ್ಮ ಸ್ವೆಟರ್ ಮಗುವಿನ ಅಳತೆಗೆ ಬರುತ್ತದೆ. ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಚಾಪೆಯ ಮೇಲೆ ಮಟ್ಟಸವಾಗಿ ಹರವಿ ಒಣಗಿಸಿ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ.

ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡಿತು ಎನ್ನುವ ಮಾತು ಪುಣೆಗೂ ಬಹುಮಟ್ಟಿಗೆ ಒಪ್ಪುತ್ತದೆ. ಆ ಹೊತ್ತಿಗೆ ಎಲ್ಲವನ್ನೂ ಒಗೆದೇ ಎತ್ತಿಡಿ. ನುಸಿಯ ಮರಿ ಮೊದಲು ಹುಡುಕುವುದು ಬೆವರು, ಎಣ್ಣೆ ಹತ್ತಿದ ಉಣ್ಣೆಯನ್ನು. ಚೆನ್ನಾಗಿ ಒಣಗಿಸಿ, ಮಡಚಿ, ಬಾಯಿ ಬಿಗಿಯಾಗಿ ಮುಚ್ಚುವ ಚೀಲದಲ್ಲಿಡಿ. ಮಳೆಗಾಲದ ತೇವ ತಡೆಯಲು ಚೀಲವನ್ನು ಕಪಾಟಿನ ಮೇಲಿನ ಅರೆಯಲ್ಲಿಡಿ, ಗೋಡೆಗೆ ತಾಗದಂತೆ. ನುಸಿಗುಳಿಗೆ ಹಾಕುವುದಾದರೆ ಬಟ್ಟೆಗೆ ನೇರವಾಗಿ ತಾಗದಂತೆ ಕಾಗದದಲ್ಲಿ ಸುತ್ತಿ. ಎಳೆಗೂಸಿನ ಬಟ್ಟೆ, ಕುಲಾವಿ, ಹೊದಿಕೆಗಳ ಜೊತೆ ಮಾತ್ರ ನ್ಯಾಫ್ತಲೀನ್ ಗುಳಿಗೆ ಇಡಲೇಬೇಡಿ. ಹುಟ್ಟಿನಿಂದಲೇ ಜಿ6ಪಿಡಿ ಎಂಬ, ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದರ ಆವಿಯಿಂದ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಏರಬಹುದು, ಮತ್ತು ಈ ಕೊರತೆ ಇದೆಯೆಂದು ಎಷ್ಟೋ ತಾಯ್ತಂದೆಯರಿಗೆ ಗೊತ್ತಿರುವುದಿಲ್ಲ. ಅಜ್ಜಿಯ ಪೆಟ್ಟಿಗೆಯಿಂದ ಹಳೆಯ ಉಣ್ಣೆಯ ಹೊದಿಕೆ ತೆಗೆದು ಕೂಸಿಗೆ ಹೊದಿಸುವ ಮನಸ್ಸಾದರೆ, ಮೊದಲು ಒಗೆದು, ಗುಳಿಗೆಯ ವಾಸನೆ ಪೂರ್ತಿ ಹೋಗುವವರೆಗೆ ಹಲವು ದಿನ ಗಾಳಿಗೆ ಹರವಿ, ಆಮೇಲೆಯೇ ಬಳಸಿ.